ಮಾಲ್ಜಾಳ ಹೊಟ್ಟೆಕಿಚ್ಚು

ನೊರುಮಿಯ ಹಿರಿಯರ ಚಾವಡಿಗೆ ರಕ್ತದೊತ್ತಡ ನೋಡುವ ಯಂತ್ರ ಬಂದ ದಿನ ಅದರೊಳಗೆ ಎಲ್ಲರಿಗಿಂತ ಮೊದಲು ಕೈ ತೂರಿಸಿದವಳು ಬುನಿ. ಇದರಲ್ಲಿ ಆಶ್ಚರ್ಯಪಡುವಂಥದ್ದೇನೂ ಇಲ್ಲ. ಕೊರಿಯಾದ ದಕ್ಷಿಣದ ಕಡಲಿಗೆ ಅಂಟಿಕೊಂಡ ಆ ಊರಲ್ಲಿ ಬೆಳ್ಳುಳ್ಳಿ ಊರುವವರಲ್ಲಿ ಅವಳೇ ಮೊದಲು, ಕೀಳುವವರಲ್ಲಿ ಅವಳೇ ಮೊದಲು, ಚಾವಡಿಯ ನೆಲದಡಿ ಬಿಸಿನೀರಿನ ಕೊಳವೆ ಹಾಯುವ ಬೆಚ್ಚನೆಯ ಜಾಗದಲ್ಲಿ ಕಾಲು ಚಾಚುವವರಲ್ಲಿಯೂ ಅವಳೇ ಮೊದಲು. ಎಂಬತ್ತರ ಹೊಸ್ತಿಲಲ್ಲಿದ್ದರೂ ಗೇಟ್‌ಬಾಲ್ ತಂಡಕ್ಕೆ ಅವಳೇ ನಾಯಕಿ. ನೆಲಕ್ಕೆ ನೆಟ್ಟ ಪುಟ್ಟ ಗೇಟುಗಳೊಳಗೆ ಚೆಂಡು ದಾಟಿಸುವ ಆ ಆಟದಲ್ಲಿ ಒಬ್ಬೊಬ್ಬರನ್ನೂ ಅವರ ಚೆಂಡಿನ ನಂಬರಿನಿಂದಲೇ ಕರೆಯುವುದು. ತೋಳಿಗೆ ಹಳದಿ ಪಟ್ಟಿ ಕಟ್ಟಿ, ಚೆಂಡು ಹೊಡೆಯುವ ಮರದ ಸುತ್ತಿಗೆಯನ್ನು ನೆಲಕ್ಕೆ ಊರಿ ನಿಂತು, "ಐದು! ಬಲಕ್ಕೆ ಹೊಡಿ! ಬಲ ಯಾವ್ದು ಅಂತ ಗೊತ್ತಿಲ್ವಾ ನಿಂಗೆ?" ಎಂದು ಅವಳು ಕೂಗಿದರೆ ದಡದಲ್ಲಿರುವ ಕೊಕ್ಕರೆಗಳೂ ಬಲಕ್ಕೆ ತಿರುಗುತ್ತವೆ ಎಂದು ಊರವರು ನಗುತ್ತಿದ್ದರು. ಆ ಗಂಟಲು ಅವಳ ಆಸ್ತಿ. ಅದರ ಮೇಲೆ ಅವಳಿಗೆ ಎಲ್ಲಿಲ್ಲದ ಹೆಮ್ಮೆ.

ಯಂತ್ರ ಬುನಿಯ ತೋಳನ್ನು ಹಿಡಿದು ಹಿಂಡಿತು, ಆಮೇಲೆ ಉಸ್ಸೆಂದು ಬಿಟ್ಟಿತು. ಅಂಕಿಗಳು ಮೂಡಿದವು. ಅಂಕಿಗಳ ಪಕ್ಕದ ಮೂಲೆಯಲ್ಲಿ ಒಂದು ಪುಟ್ಟ ಹೃದಯದ ಚಿತ್ರ ಮಿನುಗತೊಡಗಿತು. ಅದರ ಸುತ್ತ ಬೆಳಕು ಹೊಮ್ಮಿದ ಹಾಗೆ ಗೆರೆಗಳೂ ಇದ್ದವು.

"ಇದೇನಿದು, ಹೃದಯ ಬಂತಲ್ಲ?" ಎಂದು ಬುನಿ ಕೇಳಿದಳು.

ಯಂತ್ರ ತಂದು ಕೂರಿಸಿದ್ದ ಊರ ಮುಖಂಡ ಬಗ್ಗಿ ನೋಡಿದ. ಯಂತ್ರದ ಜೊತೆ ಬಂದಿದ್ದ ಪುಸ್ತಿಕೆಯ ಅಕ್ಷರ ಇರುವೆಗಿಂತ ಸಣ್ಣದಿತ್ತು. ಅದನ್ನು ಅವನು ಲಾರಿಯಲ್ಲೇ ಬಿಟ್ಟು ಬಂದಿದ್ದ. ಗೊತ್ತಿಲ್ಲ ಎಂದು ಹೇಳಿ ಅಭ್ಯಾಸವಿಲ್ಲದ ಮನುಷ್ಯ.

"ಹೃದಯ ಅಂದ್ರೆ ಏನಜ್ಜಿ? ಮೆಚ್ಗೆ! ನಿಮ್ಮ ಮೊಮ್ಮಗಳು ಫೋನಲ್ಲಿ ಕಳಿಸ್ತಾಳಲ್ಲ, ಹಂಗೆ. ಚೆನ್ನಾಗಿದೀರಾ ಅಂತ ಯಂತ್ರ ಮೆಚ್ಕೊಂಡಿದೆ."

ಅಲ್ಲಿದ್ದವರಿಗೆ ಇದರಲ್ಲಿ ಅನುಮಾನ ಪಡಲು ಏನೂ ಕಾಣಲಿಲ್ಲ. ಊರಿಗೆ ಬರುವ ಮಕ್ಕಳೆಲ್ಲ ಹೆಬ್ಬೆರಳು ತೋರುಬೆರಳು ಅಡ್ಡ ಹಿಡಿದು ಹೃದಯ ಮಾಡಿ ತೋರಿಸಿಯೇ ಹೋಗುವುದು. ಟಿವಿಯಲ್ಲಿ ಹೃದಯ, ಬಿಸ್ಕತ್ತಿನ ಪೊಟ್ಟಣದಲ್ಲಿ ಹೃದಯ, ಮಂತ್ರಿಯ ಕೈಯಲ್ಲೂ ಹೃದಯ. ಯಂತ್ರವೂ ಒಂದು ಕೊಟ್ಟಿತು, ಅಷ್ಟೆ. ಒಬ್ಬೊಬ್ಬರಾಗಿ ಎಲ್ಲರೂ ಕೈ ತೂರಿಸಿದರು. ಅಂಕಿ ಎಲ್ಲರಿಗೂ ಬಂತು, ಹೃದಯ ಮತ್ತಾರಿಗೂ ಬರಲಿಲ್ಲ. ಮರುದಿನವೂ ಅದೇ ಕಥೆ. ಬುನಿ ಕೈಯಿಟ್ಟರೆ ಮಾತ್ರ ಹೃದಯ ಮಿನುಗುತ್ತಿತ್ತು.

ಬುನಿಯ ಕಾಲು ನೆಲಕ್ಕೆ ತಾಗದ ಹಾಗಾಯಿತು. ಉಲ್ಸಾನಿನ ಹಡಗುಕಟ್ಟೆಯಲ್ಲಿ ಕೆಲಸ ಮಾಡುವ ಮಗನಿಗೆ ಫೋನು ಮಾಡಿ, "ಇಡೀ ಊರಲ್ಲಿ ನಂಗೊಬ್ಳಿಗೇ ಕಣೋ" ಎಂದು ಹೇಳಿದಳು. ಅವನು ಯಾವುದೋ ಸದ್ದಿನ ನಡುವೆ "ಹೌದಾ ಅಮ್ಮ, ಒಳ್ಳೇದಾಯ್ತು" ಎಂದ. ಅದೂ ಊರಿಗೆಲ್ಲ ಹಂಚಿಕೆಯಾಯಿತು.

ಹೊಟ್ಟೆಗೆ ಬೆಂಕಿ ಬಿದ್ದದ್ದು ಮಾಲ್ಜಾಳಿಗೆ. ಮಾಲ್ಜಾ ಬುನಿಯ ಪಕ್ಕದ ಮನೆಯವಳು, ಎರಡು ವರ್ಷ ಚಿಕ್ಕವಳು, ಒಂದೇ ಚಳಿಗಾಲದಲ್ಲಿ ಇಬ್ಬರೂ ಆ ಊರಿಗೆ ಸೊಸೆಯರಾಗಿ ಬಂದವರು. ಅಂದಿನಿಂದ ಇಬ್ಬರ ನಡುವೆ ಪೈಪೋಟಿಯಿಲ್ಲದ ವಿಷಯವೇ ಇಲ್ಲ. ಯಾರ ಮೂಲಂಗಿ ದಪ್ಪ, ಯಾರ ಕಿಮ್ಚಿ ಉಪ್ಪಿನಕಾಯಿಯ ಹುಳಿ ಸರಿಯಾಗಿದೆ, ಯಾರ ಅತ್ತೆ ಹೆಚ್ಚು ಗಯ್ಯಾಳಿ, ಎಲ್ಲದಕ್ಕೂ ಲೆಕ್ಕ ಹಾಕಿ ಜಗಳ. ಗೇಟ್‌ಬಾಲ್ ತಂಡದಲ್ಲಿ ಮಾಲ್ಜಾ ಎರಡನೇ ಜಾಣೆ. ಎರಡನೆಯವಳಾಗಿರುವುದು ಎಷ್ಟು ಕಷ್ಟ ಎಂಬುದು ಎರಡನೆಯವರಿಗೇ ಗೊತ್ತು.

ಮಾಲ್ಜಾ ಉಪ್ಪು ಬಿಟ್ಟಳು. ಕಿಮ್ಚಿಯನ್ನು ನೀರಲ್ಲಿ ತೊಳೆದು ತಿನ್ನತೊಡಗಿದಳು. ಬೆಳಗ್ಗೆ ಎದ್ದು ಕಡಲ ಕಟ್ಟೆಯ ಮೇಲೆ ಕೈ ಬೀಸಿ ನಡೆದಳು. ಸಕ್ಕರೆ ಕಾಫಿಯ ಪೊಟ್ಟಣಗಳನ್ನು ಹಲ್ಲಿಲ್ಲದ ಸುಂಗೆಗೆ ದಾನ ಮಾಡಿದಳು. ಅಂಕಿ ಇಳಿಯಿತೇ ಹೊರತು ಹೃದಯ ಬರಲಿಲ್ಲ.

"ಎಡಗೈ ಇಟ್ಟು ನೋಡು," ಎಂದಳು ಸುಂಗೆ, ದಾನದ ಕಾಫಿ ಹೀರುತ್ತ.

"ಇಟ್ಟೆ. ಬರ್ಲಿಲ್ಲ."

"ಒಂದ್ಸಲ ನಕ್ಕೊಂಡು ಇಟ್ಟು ನೋಡು. ನಿನ್ನ ಮುಖ ನೋಡಿದ್ರೆ ಯಂತ್ರಕ್ಕೂ ಭಯ ಆಗುತ್ತೆ."

ಬುನಿ ಬೆಚ್ಚನೆಯ ಜಾಗದಲ್ಲಿ ಒರಗಿಕೊಂಡು ಗೆಣಸಿನ ಸಿಪ್ಪೆ ಸುಲಿಯುತ್ತಿದ್ದಳು. "ಬಿಡೇ ಮಾಲ್ಜಾ, ಕೆಲವ್ರಿಗೆ ಬರುತ್ತೆ, ಕೆಲವ್ರಿಗೆ ಬರಲ್ಲ. ಕೇಳಿ ಪಡ್ಕೊಳ್ಳೋ ವಸ್ತು ಅಲ್ಲ ಅದು."

"ಅಕ್ಕಾ, ಇದ್ರಲ್ಲಿ ಏನೋ ಮೋಸ ಇದೆ."

"ಯಂತ್ರಕ್ಕೆ ನಾನೇನು ಮೀನು ಹುರಿದು ಕೊಟ್ಟಿದೀನಾ?"

ಚಾವಡಿ ತುಂಬ ನಗು ಎದ್ದಿತು. ಬುನಿಯೂ ನಕ್ಕಳು. ಆದರೆ ಅವಳು ಯಾರಿಗೂ ಹೇಳದ ಮಾತೊಂದಿತ್ತು. ಕೆಲವು ವಾರಗಳಿಂದ ಅವಳ ಎದೆಯೊಳಗೆ ಬುಟ್ಟಿಗೆ ಬಿದ್ದ ಮೀನಿನಂತೆ ಏನೋ ಹೊರಳುತ್ತಿತ್ತು. ಬೆಳ್ಳುಳ್ಳಿ ಹೊಲದ ಏರು ಹತ್ತುವಾಗ ಎರಡು ಕಡೆ ನಿಲ್ಲಬೇಕಾಗುತ್ತಿತ್ತು; ನಿಂತವಳು ಕಡಲು ನೋಡುವವಳ ಹಾಗೆ ನಟಿಸುತ್ತಿದ್ದಳು. ಜಿಲ್ಲೆಯ ಪಂದ್ಯ ಹತ್ತಿರ ಬಂತಲ್ಲ, ಅದರ ಹುರುಪು ಇದು ಎಂದುಕೊಂಡಳು. ಯಂತ್ರವೇ ಮೆಚ್ಚಿದ ಮೇಲೆ ಇನ್ನೇನು ಚಿಂತೆ?

ಅವಳು ನಿಜವಾಗಿ ಹೆದರುತ್ತಿದ್ದದ್ದು ಗಾಳಿಗೆ. ಲಕ್ವ ಹೊಡೆದರೆ ಗಾಳಿ ಬಡಿಯಿತು ಎಂದೇ ಆ ಕಡೆ ಹೇಳುವುದು. ಬುನಿಯ ಗಂಡನಿಗೆ ಒಂದು ಬೆಳಗ್ಗೆ ದೋಣಿಗೆ ಹೋಗುವ ಮುಂಚೆ ಹಾಗೆ ಗಾಳಿ ಬಡಿದಿತ್ತು. ಆಮೇಲೆ ಆರು ವರ್ಷ ಮಲಗಿದ್ದ. ಬಾಯಿಂದ ಒಂದು ಮಾತೂ ಸರಿಯಾಗಿ ಬರಲಿಲ್ಲ. ಬುನಿ ಗಂಜಿ ಕುಡಿಸಿದಳು, ಮಗ್ಗುಲು ಬದಲಿಸಿದಳು, ಅವನು ಏನು ಹೇಳಲು ಹೆಣಗುತ್ತಿದ್ದಾನೆಂದು ಕಣ್ಣು ನೋಡಿ ಊಹಿಸಿದಳು. ಅರ್ಧ ಊಹೆ ತಪ್ಪಾಗುತ್ತಿತ್ತು. ತಪ್ಪಾದಾಗ ಅವನು ಗೋಡೆ ಕಡೆ ಮುಖ ತಿರುಗಿಸಿ ಅಳುತ್ತಿದ್ದ. ಆ ಅಳುವನ್ನು ಮಾತ್ರ ಬುನಿಗೆ ಇಂದಿಗೂ ಮರೆಯಲಾಗಿಲ್ಲ. ಅವನನ್ನು ಮಣ್ಣು ಮಾಡಿ ಬಂದ ದಿನದಿಂದ ಬೇಸಗೆ ಚಳಿಗಾಲವೆನ್ನದೆ ಅವಳ ಕುತ್ತಿಗೆಗೆ ದಪ್ಪ ರುಮಾಲು, ಮನೆಯ ಕಡಲ ಕಡೆಯ ಕಿಟಕಿಗೆ ಮೊಳೆ. ಗಾಳಿ ನುಗ್ಗುವ ದಾರಿಗಳನ್ನೆಲ್ಲ ಮುಚ್ಚಿಕೊಂಡು ಬದುಕಿದ ಹೆಂಗಸು ಅವಳು.

ಪಂದ್ಯ ಆ ಭಾನುವಾರ. ದಾರ್ಯೊ ಊರಿನ ತಂಡ ಸತತವಾಗಿ ಗೆದ್ದು ಗೆದ್ದು ಅಲ್ಲಿಯ ನಾಯಕ ಮುದುಕ ನೊರುಮಿಯವರನ್ನು ಕಂಡರೆ "ಬನ್ನಿ ಬನ್ನಿ, ಊಟಕ್ಕೆ ಬಂದ್ರಾ?" ಎಂದು ಕೇಳುವಷ್ಟು ಕೊಬ್ಬಿದ್ದ. ಈ ವರ್ಷ ಅವನ ಬಾಯಿ ಮುಚ್ಚಿಸುವುದೆಂದು ಬುನಿ ಶಪಥ ಮಾಡಿದ್ದಳು. ಗುರುವಾರ ಮಧ್ಯಾಹ್ನ ಚಾವಡಿಯಲ್ಲಿ ಎಲ್ಲರೂ ಸೋಯಾ ಸಾರು ಕುಡಿದು ಕೈ ತೊಳೆಯುತ್ತಿದ್ದಾಗ ಬಾಗಿಲು ಜರುಗಿತು. ಬಂದವಳು ನರ್ಸಮ್ಮ ಯುರಿ. ಪಕ್ಕದ ಊರಿನ ಆರೋಗ್ಯ ಕೇಂದ್ರ ಅವಳ ಸುಪರ್ದಿಯಲ್ಲಿದೆ. ಸುತ್ತಲಿನ ಮೂರು ಊರಿನ ಮುದುಕರ ಮಂಡಿ, ಸಕ್ಕರೆ, ಹಲ್ಲುನೋವು ಎಲ್ಲ ಅವಳ ಪಾಲಿಗೇ. ಅವಳ ಹಿಂದೆ ಇಂಗು ತಿಂದ ಮಂಗನಂತೆ ಮಾಲ್ಜಾ ನಿಂತಿದ್ದಳು.

ನಡೆದದ್ದು ಇಷ್ಟು. ಮಾಲ್ಜಾಳಿಗೆ ತಡೆಯಲಾಗಲಿಲ್ಲ. ಬೆಳಗ್ಗೆ ಬಸ್ಸಿಗೂ ಕಾಯದೆ, ಗುಡ್ಡ ದಾಟಿ ನಡೆದುಕೊಂಡೇ ಆರೋಗ್ಯ ಕೇಂದ್ರಕ್ಕೆ ಹೋಗಿ ದೂರು ಹೇಳಿದ್ದಳು. ಯಂತ್ರ ಪಕ್ಷಪಾತ ಮಾಡುತ್ತಿದೆ, ಉಪ್ಪು ಬಿಟ್ಟವಳು ನಾನು, ನಡೆಯುವವಳು ನಾನು, ಹೃದಯ ಮಾತ್ರ ದಿನಾ ಬುನಿಗೆ. ಯಂತ್ರ ಬದಲಿಸಿ ಕೊಡಿ ಎಂದು. ನರ್ಸಮ್ಮ ಮೊದಲು ನಕ್ಕಳಂತೆ. ಆಮೇಲೆ, "ಯಾವ ಹೃದಯ? ಸುತ್ತ ಗೆರೆ ಇದೆಯಾ?" ಎಂದು ಕೇಳಿದಳಂತೆ. ಇದೆ ಎಂದ ಕೂಡಲೇ ಕಾರಿನ ಕೀಲಿ ತೆಗೆದುಕೊಂಡು ಎದ್ದಳಂತೆ.

"ಬುನಿ ಅಜ್ಜಿ, ಸ್ವಲ್ಪ ಕೈ ಕೊಡಿ," ಎಂದು ಯುರಿ ಪಕ್ಕದಲ್ಲಿ ಕೂತಳು. ಮಣಿಕಟ್ಟಿನ ಮೇಲೆ ಬೆರಳಿಟ್ಟು ಬಡಿತ ಎಣಿಸಿದಳು. ಮತ್ತೊಮ್ಮೆ ಮೊದಲಿನಿಂದ ಎಣಿಸಿದಳು. ಆಮೇಲೆ ಚೀಲದಿಂದ ಎದೆ ಬಡಿತ ದಾಖಲಿಸುವ ಅಂಗೈಯಗಲದ ಒಂದು ಪಟ್ಟಿ ತೆಗೆದು ಬುನಿಯ ಎರಡೂ ಕೈಯ ಬೆರಳು ಅದರ ಮೇಲಿಡಿಸಿದಳು. ಅವಳ ಫೋನಿನ ಮೇಲೆ ಗೆರೆಯೊಂದು ಓಡತೊಡಗಿತು. ಕುಡಿದವನು ನಡೆದ ಹಾಗೆ ಓಡಿತು ಅದು, ಒಂದು ಹೆಜ್ಜೆ ಬೇಗ, ಒಂದು ಹೆಜ್ಜೆ ತಡ.

"ಅಜ್ಜಿ, ಆ ಹೃದಯ ಮೆಚ್ಗೆ ಅಲ್ಲ. ಎಚ್ಚರಿಕೆ. ನಿಮ್ಮ ಎದೆ ಬಡಿತದ ಲಯ ತಪ್ಪಿದೆ ಅಂತ ಯಂತ್ರ ಇಷ್ಟು ದಿನದಿಂದ ಕೂಗ್ತಾ ಇದೆ."

ಬುನಿಯ ಕಿವಿ ಬಿಸಿಯಾಯಿತು. ರೋಗದ ಮಾತು ಅವಳಿಗೆ ಆಮೇಲೆ ಕೇಳಿಸಿತು. ಮೊದಲು ಕೇಳಿಸಿದ್ದು ಯಾರೋ ಕಿಸಕ್ಕೆಂದು ನಕ್ಕ ಸದ್ದು. ಇಷ್ಟು ದಿನ ಬೀಗಿದ್ದು ಎಚ್ಚರಿಕೆಯ ದೀಪಕ್ಕೆ! ಮಗನಿಗೂ ಹೇಳಿಯಾಗಿತ್ತು!

"ನಂಗೆ ಎಲ್ಲೂ ನೋವಿಲ್ಲ," ಎಂದಳು.

"ನೋವಿರಲ್ಲ ಅಜ್ಜಿ. ಅದಕ್ಕೇ ಯಾರೂ ಲಕ್ಷ್ಯ ಕೊಡಲ್ಲ. ಸುಸ್ತಾಗ್ತಾ ಇದೆಯಾ? ಎದೇಲಿ ಏನಾದ್ರೂ ಪಟಪಟ ಅನ್ಸುತ್ತಾ?"

"ಪಟಪಟ ಅನ್ಸದೆ ಏನು! ದಾರ್ಯೊ ಊರಿನ ಆ ನಾಯಕ ಮುದ್ಕನ ನೆನಪಾದ್ರೆ ಅನ್ಸುತ್ತೆ," ಎಂದು ಸುಂಗೆ ಬಾಯಿ ಹಾಕಿದಳು. ಯಾರೂ ನಗಲಿಲ್ಲ. ನರ್ಸಮ್ಮನ ಮುಖದಲ್ಲಿ ನಗು ಇರಲಿಲ್ಲ.

"ಅಜ್ಜಿ, ನೀವು ಕುಂಬಳಕಾಯಿ ಗಂಜಿ ಮಾಡ್ತೀರಲ್ಲ. ತಿರುವೋದು ನಿಲ್ಸಿದ್ರೆ ಏನಾಗುತ್ತೆ?"

"ಗಂಟು ಕಟ್ಟುತ್ತೆ."

"ಎದೆ ಒಳಗೂ ಅದೇ. ಮೇಲಿನ ಕೋಣೆಗಳು ಸರಿಯಾಗಿ ಬಡಿದು ರಕ್ತ ತಳ್ಬೇಕು. ನಿಮ್ದು ಬಡೀತಾ ಇಲ್ಲ, ಬರೀ ನಡುಗ್ತಾ ಇದೆ. ರಕ್ತ ಮೂಲೇಲಿ ನಿಂತು ಗಂಟು ಕಟ್ಟುತ್ತೆ. ಆ ಗಂಟು ಕಿತ್ಕೊಂಡು ಹೊರಟ್ರೆ ನೆಟ್ಟಗೆ ತಲೆಗೆ ಹೋಗಿ ಸಿಕ್ಕಾಕೊಳ್ಳುತ್ತೆ. ಆಗ ಕೈ ಬೀಳುತ್ತೆ, ಬಾಯಿ ಸೊಟ್ಟಗಾಗುತ್ತೆ, ಮಾತು ನಿಂತೋಗುತ್ತೆ. ನೀವೆಲ್ಲ ಗಾಳಿ ಬಡಿಯೋದು ಅಂತೀರಲ್ಲ, ಅದು."

"ಗಾಳಿ ಬಡಿಯೋದು ಗಾಳಿಯಿಂದ. ಇಷ್ಟು ವರ್ಷ ನಾನು ರುಮಾಲು ಯಾಕೆ ಕಟ್ಕೊಂಡಿದೀನಿ ಅನ್ಕೊಂಡ್ರಿ?"

"ಹೊರಗಿನ ಗಾಳಿ ಅಲ್ಲ ಅಜ್ಜಿ," ಎಂದಳು ಯುರಿ, ಮೆಲ್ಲಗೆ. "ಎಷ್ಟೋ ಜನಕ್ಕೆ ಅದು ಎದೆಯಿಂದ್ಲೇ ಹೊರಡುತ್ತೆ. ಇವತ್ತೇ ಆಸ್ಪತ್ರೆಗೆ ಹೋಗೋಣ. ರಕ್ತ ತೆಳ್ಳಗೆ ಮಾಡೋ ಮಾತ್ರೆ ಶುರು ಮಾಡಿದ್ರೆ ಗಂಟು ಕಟ್ಟೋದು ತಪ್ಪುತ್ತೆ."

ಬುನಿ ಸುತ್ತ ನೋಡಿದಳು. ಎಲ್ಲರ ಕಣ್ಣಿನಲ್ಲೂ ಕನಿಕರ. ಕನಿಕರ ನೋಡಿದರೆ ಅವಳಿಗೆ ಆಗುತ್ತಿರಲಿಲ್ಲ. ಕಡೆಗೆ ಅವಳ ಕಣ್ಣು ಬಾಗಿಲ ಬಳಿ ನಿಂತ ಮಾಲ್ಜಾಳ ಮೇಲೆ ಬಿತ್ತು. ಎದೆಯೊಳಗಿನ ಅಂಜಿಕೆಗೆಲ್ಲ ಒಮ್ಮೆಲೇ ಒಂದು ದಾರಿ ಸಿಕ್ಕಿತು.

"ಓಹೋ. ಈಗ ಗೊತ್ತಾಯ್ತು. ತೋಳಿನ ಪಟ್ಟಿ ಬೇಕಾಗಿತ್ತಾ ನಿಂಗೆ? ಪಂದ್ಯಕ್ಕೆ ಮೂರು ದಿನ ಇದೆ ಅನ್ನೋವಾಗ್ಲೇ ನಂಗೆ ರೋಗ ಬರ್ಬೇಕಾಗಿತ್ತಾ?"

"ಅಕ್ಕಾ, ಏನು ಮಾತಾಡ್ತೀಯ! ನಾನು ಹೇಳಿದ್ದು ಯಂತ್ರ ಕೆಟ್ಟಿದೆ ಅಂತ!"

"ಗುಡ್ಡ ಹತ್ಕೊಂಡು ಹೋಗಿ ಚಾಡಿ ಹೇಳಿದೀಯ. ಹೊಟ್ಟೆಕಿಚ್ಚಿನೋಳೆ!"

"ಹೌದು, ಹೊಟ್ಟೆಕಿಚ್ಚೇ! ಅದಕ್ಕೇನೀಗ? ನಿನ್ನ ನೋಡಿ ಹೊಟ್ಟೆ ಉರ್ಕೊಳ್ಳೋಕೇ ಅಲ್ವಾ ನಾನು ಈ ಊರಿಗೆ ಮದ್ವೆ ಆಗಿ ಬಂದಿದ್ದು! ಆದ್ರೆ ನೀನು ಬಿದ್ದೋಗ್ಲಿ ಅಂತ ಯಾವತ್ತು ಅಂದಿದೀನಿ?" ಮಾಲ್ಜಾ ಚಪ್ಪಲಿ ಮೆಟ್ಟಿ ಹೊರಟುಹೋದಳು.

ಯುರಿ ಬಗೆಬಗೆಯಾಗಿ ಹೇಳಿದಳು, ಬೇಡಿಕೊಂಡಳು, ಕಡೆಗೆ ಗದರಿದಳು. ಬುನಿ ಎಲ್ಲವನ್ನೂ ಕಿವಿಗೆ ಹಾಕಿಕೊಳ್ಳದೆ, "ಪಂದ್ಯ ಮುಗೀಲಿ, ಸೋಮವಾರ ಬರ್ತೀನಿ," ಎಂಬ ಒಂದೇ ಹಟ ಹಿಡಿದಳು. "ನಾಳೆ ಬೆಳಗ್ಗೆ ಕಾರು ತರ್ತೀನಿ. ಅಷ್ಟರೊಳಗೆ ಮಾತು ತೊದಲಿದ್ರೂ, ಕೈಯಿಂದ ಏನಾದ್ರೂ ಜಾರಿ ಬಿದ್ರೂ, ಒಂದು ಗಳಿಗೆಗೆ ಸರಿಹೋದ್ರೂ ಸುಮ್ನಿರ್ಬೇಡಿ. ಆಂಬುಲೆನ್ಸ್ ಕರೀರಿ," ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿ ಅವಳು ಎದ್ದಳು. ಮನೆಗೆ ಹೋದ ಬುನಿ ರುಮಾಲನ್ನು ಇನ್ನೊಂದು ಸುತ್ತು ಬಿಗಿದುಕೊಂಡಳು. ಎದೆಯ ಮೇಲೆ ಕೈಯಿಟ್ಟುಕೊಂಡು ಕೂತಳು. ಮೀನು ಹೊರಳುತ್ತಲೇ ಇತ್ತು.

ಶುಕ್ರವಾರ ಬೆಳಗ್ಗೆ ನರ್ಸಮ್ಮನ ಕಾರು ಬರುವ ಮುಂಚೆಯೇ ಬುನಿ ತಂಡವನ್ನು ಮೈದಾನಕ್ಕೆ ಎಳೆದಿದ್ದಳು. ತಿಳಿ ಬಿಸಿಲು, ಕಡಲು ತಣ್ಣಗಿತ್ತು. ಮಾಲ್ಜಾ ಬಂದಿದ್ದಳು, ಆದರೆ ಮುಖ ಕೊಟ್ಟು ಮಾತಾಡುತ್ತಿರಲಿಲ್ಲ. ಬುನಿ ಎಂದಿಗಿಂತ ಗಟ್ಟಿಯಾಗಿ ಕೂಗುತ್ತಿದ್ದಳು; ತನಗೇನೂ ಆಗಿಲ್ಲವೆಂದು ಊರಿಗೆ ತೋರಿಸಬೇಕಾಗಿತ್ತು. ಮಾಲ್ಜಾಳ ಸರದಿ ಬಂತು. ಅವಳದು ಮೂರನೇ ನಂಬರಿನ ಚೆಂಡು, ಎರಡನೇ ಗೇಟಿನ ಮುಂದೆ ಚೊಕ್ಕವಾಗಿ ಕೂತಿತ್ತು. ಬುನಿ ಸುತ್ತಿಗೆ ಎತ್ತಿ ಆ ಕಡೆ ತೋರಿಸಿ, ಮೂರು ಎಂದು ಕೂಗಲು ಬಾಯಿ ತೆರೆದಳು.

ಮೂರು ಬರಲಿಲ್ಲ.

ಅದು ಮೂರು ಎಂದು ಅವಳಿಗೆ ಗೊತ್ತು. ಚೆಂಡಿನ ಮೇಲೆ ಬರೆದದ್ದು ಕಾಣುತ್ತಿತ್ತು. ಬಾಯಿಗೆ ಮಾತ್ರ ಆ ಮಾತು ಬರದು. "ಹ... ಹ..." ಎಂಬ ಒಂದು ಸದ್ದು ಹೊರಬಿತ್ತು, ಅದು ತನ್ನದೇ ಎಂದು ಅವಳಿಗೆ ನಂಬಲಾಗಲಿಲ್ಲ. ಬಲಗೈಯ ಬೆರಳುಗಳು ತಾವಾಗಿಯೇ ಬಿಚ್ಚಿಕೊಂಡವು. ಸುತ್ತಿಗೆ ನೆಲಕ್ಕೆ ಬಿತ್ತು.

"ನೋಡ್ರೇ, ಮಾಲ್ಜಾ ನಂಬ್ರು ಹೇಳೋದೂ ಬೇಡ ಅಂತ ಬಾಯಿ ಹೊಲ್ಕೊಂಡಿದಾಳೆ!" ಎಂದು ಸುಂಗೆ ನಕ್ಕಳು. ಮಿಕ್ಕವರೂ ನಕ್ಕರು. ಬುನಿ ನಗುವವರನ್ನು ನೋಡುತ್ತ ನಿಂತಳು. ಅವರಿಗೆ ಏನೋ ಹೇಳಬೇಕು, ಅವರು ತಪ್ಪು ತಿಳಿದಿದ್ದಾರೆ, ಆದರೆ ಹೇಳಲು ಏನೂ ಇಲ್ಲ. ಗೋಡೆ ಕಡೆ ಮುಖ ಮಾಡಿದ್ದ ಗಂಡನ ಬೆನ್ನು ಆ ಕ್ಷಣ ಅವಳಿಗೆ ಅರ್ಥವಾಯಿತು. ಆರು ವರ್ಷ ಅವನು ಸಿಕ್ಕಿಬಿದ್ದಿದ್ದ ಜಾಗ ಇದು.

ಆಮೇಲೆ, ಬಂದ ಹಾಗೆಯೇ, ಅದು ಹೋಯಿತು. ನಾಲಿಗೆ ಹಿಂದಕ್ಕೆ ಬಂತು. ಬೆರಳು ಮಡಚಿದರೆ ಮಡಚಿಕೊಂಡವು. ಬುನಿ ಬಗ್ಗಿ ಸುತ್ತಿಗೆ ಎತ್ತಿಕೊಂಡಳು.

ಈಗ ಒಂದು ಮಾತು ಸಾಕಿತ್ತು. ಕೈ ಜಾರಿತು ಎಂದರೆ ಎಲ್ಲರೂ ನಂಬುತ್ತಿದ್ದರು. ಆಟ ಮುಂದುವರಿಯುತ್ತಿತ್ತು, ಭಾನುವಾರ ಬರುತ್ತಿತ್ತು, ತೋಳಿನ ಪಟ್ಟಿ ತೋಳಲ್ಲೇ ಇರುತ್ತಿತ್ತು. ಅವಳ ನಾಲಿಗೆಯ ತುದಿಯಲ್ಲಿ ಆ ಸುಳ್ಳು ಸಿದ್ಧವಾಗಿಯೇ ಇತ್ತು. ಗಾಳಿ ಬೀಸುತ್ತಿರಲಿಲ್ಲ, ಒಂದು ಎಲೆಯೂ ಅಲ್ಲಾಡುತ್ತಿರಲಿಲ್ಲ, ರುಮಾಲು ಕುತ್ತಿಗೆಗೆ ಬಿಗಿಯಾಗಿತ್ತು. ಮುಚ್ಚಿದ್ದ ಕಿಟಕಿಗಳೆಲ್ಲ ಸುಮ್ಮನೆ ಮುಚ್ಚಿದ್ದವು. ಅದು ಒಳಗೇ ಇದೆ. ನರ್ಸಮ್ಮ ಹೇಳಿದ್ದು ಅಕ್ಷರಶಃ ನಿಜ.

ಬದುಕಿನಲ್ಲಿ ಬುನಿ ಯಾರನ್ನೂ ಏನನ್ನೂ ಕೇಳಿದವಳಲ್ಲ. ಗಂಡನನ್ನು ಎತ್ತಿ ಕೂರಿಸಲು ಕೂಡ ಪಕ್ಕದ ಮನೆಯ ಕದ ತಟ್ಟಿದವಳಲ್ಲ. ಅವಳು ಮೈದಾನವನ್ನು ದಾಟಿ ಮಾಲ್ಜಾಳ ಮುಂದೆ ಹೋಗಿ ನಿಂತಳು. ತಲೆ ತಗ್ಗಿಸಲಿಲ್ಲ. ಎಲ್ಲರಿಗೂ ಕೇಳಲಿ ಎಂದೇ ಕೂಗಿ ಹೇಳಿದಳು.

"ಮಾಲ್ಜಾ. ಸುತ್ತಿಗೆ ಜಾರಿದ್ದಲ್ಲ. ಕೈ ಬಿತ್ತು. ಮಾತು ನಿಂತೋಗಿತ್ತು. ಆಂಬುಲೆನ್ಸ್ ಕರಿ."

ಮಾಲ್ಜಾಳ ಕೈಯಲ್ಲಿದ್ದ ಸುತ್ತಿಗೆ ಎತ್ತಲೋ ಹಾರಿತು. ಫೋನು ತೆಗೆದು ಅವಳು ಕೂಗಾಡಿದ ಪರಿಗೆ ಆ ಕಡೆ ಇದ್ದವರು ಇಡೀ ಊರಿಗೇ ಬೆಂಕಿ ಬಿದ್ದಿದೆ ಎಂದುಕೊಂಡಿರಬೇಕು. "ಎದೆ ಬಡಿತ ಲಯ ತಪ್ಪಿದೆ ಅಂತ ನಿನ್ನೆ ನರ್ಸಮ್ಮ ನೋಡಿ ಹೇಳಿದಾಳೆ! ಈಗ ಮಾತು ನಿಂತಿತ್ತು! ಇಲ್ಲ, ಈಗ ಬಂದಿದೆ, ಬೈತಾ ಇದಾಳೆ, ಆದ್ರೂ ಬನ್ನಿ!"

ಬುನಿ ತೋಳಿನ ಪಟ್ಟಿ ಬಿಚ್ಚಿ ಅವಳ ಕಡೆ ಚಾಚಿದಳು. "ತಗೋ. ಭಾನುವಾರ ನೀನೇ ಕೂಗು."

"ಅದನ್ನ ಸುಂಗೆಗೆ ಕಟ್ಟು. ನಾನು ನಿನ್ಜೊತೆ ಬರ್ತೀನಿ," ಎಂದಳು ಮಾಲ್ಜಾ.

"ಪಂದ್ಯ?"

"ನೀನಿಲ್ದೆ ಗೆದ್ದು ನಾನು ಯಾರ ಮುಂದೆ ಬೀಗ್ಲಿ?"

ಜಿಂಜು ನಗರದ ದೊಡ್ಡ ಆಸ್ಪತ್ರೆಯಲ್ಲಿ ತಲೆಯ ಚಿತ್ರ ತೆಗೆದರು, ಎದೆಯ ಚಿತ್ರ ತೆಗೆದರು, ಮೈಗೆಲ್ಲ ತಂತಿ ಅಂಟಿಸಿದರು. ಸಣ್ಣ ಗಂಟೊಂದು ಬಂದು ಸಿಕ್ಕಿಕೊಂಡು ತಾನಾಗಿಯೇ ಕರಗಿತ್ತು. ಎದೆಯ ಮೂಲೆಯಲ್ಲಿ ಇನ್ನೊಂದು ಅದಕ್ಕಿಂತ ದೊಡ್ಡದು ಕಟ್ಟಿಕೊಳ್ಳುತ್ತಿತ್ತು. ಅದು ಹೊರಡುವ ಮುಂಚೆಯೇ ಔಷಧ ಶುರುವಾಯಿತು. ಮಗ ಉಲ್ಸಾನಿನಿಂದ ಓಡಿಬಂದು, ಯಂತ್ರದ ಹೃದಯಕ್ಕೆ ತಾನು ಒಳ್ಳೇದಾಯ್ತು ಎಂದಿದ್ದನ್ನು ನೆನೆದು ಹಣೆ ಚಚ್ಚಿಕೊಂಡ. ಬುನಿಯೇ ಅವನನ್ನು ಸಮಾಧಾನ ಮಾಡಬೇಕಾಯಿತು. ಮಾಲ್ಜಾ ಮಂಚದ ಪಕ್ಕದ ಗಿಡ್ಡ ಹಲಗೆಯ ಮೇಲೆ ಹಾಸಿಕೊಂಡು, ಮಾತ್ರೆಯ ಹೊತ್ತು ತಪ್ಪದ ಹಾಗೆ ಕಾವಲು ಕೂತಳು. ಊಟಕ್ಕೆ ಬರುವ ಉಪ್ಪಿಲ್ಲದ ಸಾರನ್ನು ಬುನಿ ಮೂಗು ಮುರಿದು ತಳ್ಳಿದರೆ, "ಇದನ್ನ ನಾನು ತಿಂಗಳಿಂದ ಕುಡೀತಾ ಇದೀನಿ, ನಿನ್ನ ದೆಸೆಯಿಂದ. ಕುಡಿ," ಎಂದು ಗದರುತ್ತಿದ್ದಳು.

ಭಾನುವಾರ ಮಧ್ಯಾಹ್ನ ಊರ ಮುಖಂಡನ ಫೋನು ಬಂತು. ಸೋತಿದ್ದರು. ಬರೀ ಸೋತದ್ದಲ್ಲ, ಸುಂಗೆ ಒಂದು ಗಳಿಗೆಯಲ್ಲಿ ಎದುರಾಳಿಯ ಚೆಂಡನ್ನೇ ತಮ್ಮದೆಂದು ತಿಳಿದು ಗೇಟು ದಾಟಿಸಲು ಹೇಳಿದ್ದಳಂತೆ. ಫೋನು ಇಟ್ಟ ಮೇಲೆ ಇಬ್ಬರೂ ಮುಖ ಮುಖ ನೋಡಿಕೊಂಡರು.

"ನಾವಿಬ್ರಿಲ್ದೆ ಗೆಲ್ತಾರಾ?" ಎಂದಳು ಮಾಲ್ಜಾ.

"ಹೆಂಗೆ ಗೆಲ್ತಾರೆ!" ಎಂದಳು ಬುನಿ. ಪಕ್ಕದ ಮಂಚದವರು ತಿರುಗಿ ನೋಡುವ ಹಾಗೆ ಇಬ್ಬರೂ ನಕ್ಕರು.

ಆ ನಗುವಿನ ನಡುವೆಯೇ ಡಾಕ್ಟರು ಸುತ್ತು ಬಂದರು. ಇನ್ನೂ ಮೀಸೆ ಸರಿಯಾಗಿ ಮೂಡದ ಹುಡುಗನಂಥ ಡಾಕ್ಟರು. ಬುನಿಯಿಂದ ತಮ್ಮ ಬೆರಳು ಹಿಡಿಸಿದರು, ಅವಳ ಬೆರಳು ಮಡಚಿಸಿದರು, ನಂಬರು ಎಣಿಸಲು ಹೇಳಿದರು. ಅವಳು ಎಣಿಸಿದಳು; ಮೂರು ಬಂದಾಗ ಬೇಕೆಂದೇ ಜೋರಾಗಿ ಹೇಳಿದಳು.

"ನಿಮ್ಮ ಅದೃಷ್ಟ ದೊಡ್ಡದು ಅಜ್ಜಿ. ಲಯ ತಪ್ಪಿರೋದು ಮೊದ್ಲೇ ಗೊತ್ತಿದ್ದಿದ್ದಕ್ಕೆ ಬಂದ ತಕ್ಷಣ ಏನು ಹುಡುಕ್ಬೇಕು ಅಂತ ನಮ್ಗೂ ಗೊತ್ತಾಯ್ತು. ಮಾತು ನಿಂತು ಮತ್ತೆ ಬಂದ್ರೆ ಹೆಚ್ಚಿನವ್ರು ಮನೇಲೇ ಮಲ್ಕೊಂಡ್ಬಿಡ್ತಾರೆ. ಆಮೇಲೆ ಎರಡ್ನೇದು ಬರುತ್ತೆ." ಡಾಕ್ಟರು ಮಂಚದ ಪಕ್ಕದಲ್ಲಿ ನಿಂತಿದ್ದ ಮಾಲ್ಜಾಳ ಕಡೆ ತಿರುಗಿದರು. "ಇವ್ರು ನಿಮ್ಗೇನಾಗ್ಬೇಕು? ತಂಗೀನಾ?"

"ಅಯ್ಯೋ, ನಾನು ಏನೂ ಆಗ್ಬೇಕಿಲ್ಲ ಡಾಕ್ಟ್ರೇ. ಪಕ್ಕದ ಮನೆಯೋಳು," ಎಂದು ಮಾಲ್ಜಾ ಹಿಂದಕ್ಕೆ ಸರಿದಳು.

ಬುನಿ ದಿಂಬಿಗೆ ಕೈಯೂರಿ ನೆಟ್ಟಗೆ ಕೂತಳು. ಮೈದಾನದಲ್ಲಿ ನಿಂತಾಗಿನ ಗತ್ತು ಅವಳ ಬೆನ್ನಿಗೆ ಬಂದಿತ್ತು. ವಾರ್ಡಿನ ಆ ತುದಿಗೂ ಮುಟ್ಟುವ ಗಂಟಲಲ್ಲಿ ಹೇಳಿದಳು.

"ಇವ್ಳನ್ನ ಸರಿಯಾಗಿ ನೋಡಿಟ್ಕೊಳ್ಳಿ ಡಾಕ್ಟ್ರೇ. ನಮ್ಮ ಜಿಲ್ಲೇಲಿ ಇಂಥ ಹೊಟ್ಟೆಕಿಚ್ಚಿನ ಹೆಂಗ್ಸು ಇನ್ನೊಬ್ಳಿಲ್ಲ. ನಂಗೆ ಬಂದಿದ್ದು ತನಗೆ ಬರ್ಲಿಲ್ಲ ಅಂತ ಬಸ್ಸಿಗೂ ಕಾಯ್ದೆ ಗುಡ್ಡ ಹತ್ಕೊಂಡು ಹೋಗಿ ಚಾಡಿ ಹೇಳಿದ್ಲು. ಅದಕ್ಕೇ ನಾನಿವತ್ತು ಮಾತಾಡ್ತಾ ಇರೋದು."